ಸೈಪ್ರೆಸ್ ಕಾಂಡದಲ್ಲಿ ಅಂಟು ಸೋರ್ತಿದೆ, ಕೊಂಬೆ ಒಂದೊಂದೇ ಕೆಂಪಗಾಗಿ ಒಣಗ್ತಿದೆ, ಯಾರಿಗಾದ್ರೂ ಗೊತ್ತಾ?

ನಂದಿತಪ್ಪಲು
ಎಲ್ರಿಗೂ ನಮಸ್ಕಾರ. ನಮ್ದು ಚಿಕ್ಕಬಳ್ಳಾಪುರದ ಹತ್ರ ದ್ರಾಕ್ಷಿ ತೋಟ. ರಸ್ತೆಯಿಂದ ಮನೆವರ್ಗೂ ದಾರಿ ಎರಡೂ ಕಡೆ ನಮ್ಮಪ್ಪ ಆಸೆಪಟ್ಟು ಹದಿನಾಲ್ಕು ಗೋಲ್ಡನ್ ಸೈಪ್ರೆಸ್ ಗಿಡ ಹಾಕ್ಸಿದ್ರು, ಒಂಬತ್ತು ವರ್ಷ ಆಯ್ತು, ಈಗ ಎರಡಾಳೆತ್ತರ ಬೆಳ್ದಿವೆ. ಅಪ್ಪ ಹೋಗಿ ಎರಡು ವರ್ಷ ಆಯ್ತು, ಆ ಗಿಡ ನೋಡಿದ್ರೆ ಅವ್ರೇ ನೆನಪಾಗ್ತಾರೆ, ಅದಕ್ಕೆ ಇಷ್ಟು ಒದ್ದಾಡ್ತಿರೋದು.

ಹೋದ ಮಳೆಗಾಲದಲ್ಲಿ ಒಂದು ಗಿಡದಲ್ಲಿ ಮಧ್ಯದ ಒಂದೇ ಒಂದು ಕೊಂಬೆ ಹಳದಿ ಆಗಿ ಆಮೇಲೆ ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗ್ತು, ಸುತ್ತ ಎಲ್ಲಾ ಹಸಿರು. ಮೂರು ತಿಂಗಳಲ್ಲಿ ಆ ಗಿಡ ಮೇಲಿಂದ ಪೂರ್ತಿ ಹೋಯ್ತು. ಈಗ ಐದು ಗಿಡಕ್ಕೆ ಹಂಗೇ ಆಗಿದೆ. ಕಾಂಡದ ಮೇಲೆ ಅಲ್ಲಲ್ಲಿ ಜೇನುತುಪ್ಪದ ತರ ಅಂಟು ಇಳ್ದು ಗಟ್ಟಿಯಾಗಿದೆ. ಗಿಡ ಕೊಟ್ಟ ನರ್ಸರಿಯವ್ರನ್ನ ಕೇಳಿದ್ರೆ ನೀರು ಕಮ್ಮಿ ಆಗಿದೆ, ಡಿಎಪಿ ಹಾಕಿ ಅಂದ್ರು, ಹಾಕ್ದೆ, ಏನೂ ಆಗ್ಲಿಲ್ಲ. ಔಷಧಿ ಅಂಗಡಿಯಲ್ಲಿ ಮೂರು ತರ ಸ್ಪ್ರೇ ಕೊಟ್ರು, ಎರಡು ಸಾವಿರದ ಮೇಲೆ ಖರ್ಚಾಯ್ತು, ಅದೂ ದಂಡ. ಉಳಿದಿರೋದನ್ನ ಉಳಿಸ್ಕೊಳ್ಳೋದು ಹೆಂಗೆ?

ಶಿರಾ ದಾಳಿಂಬೆ
ಅಣ್ಣ ನಮ್ ದಾಳಿಂಬೆಗೂ ಇಂಗೇ ಕಜ್ಜಿ ಬಂದಿತ್ತು, ಸ್ಟ್ರೆಪ್ಟೋಸೈಕ್ಲಿನ್ ಜೊತೆ ಕಾಪರ್ ಕಲ್ಸಿ ಹೊಡೀರಿ.

ತಮಕ ತೋಟಗಾರಿಕೆ
ಸ್ಟ್ರೆಪ್ಟೋಸೈಕ್ಲಿನ್ ದಯವಿಟ್ಟು ಬೇಡ. ದಾಳಿಂಬೆದು ದುಂಡಾಣು ಅಂಗಮಾರಿ, ಅದು ಬ್ಯಾಕ್ಟೀರಿಯಾ. ನಿಂಬೆ ಕಜ್ಜಿನೂ ಬ್ಯಾಕ್ಟೀರಿಯಾನೇ. ಇವ್ರು ಹೇಳ್ತಿರೋ ಲಕ್ಷಣ ನೋಡಿದ್ರೆ ಶಿಲೀಂಧ್ರದ್ದು ಅನ್ಸುತ್ತೆ. ಕ್ಯಾಂಕರ್ (ತೊಗಟೆ ಸತ್ತು ಗಾಯ ಆಗೋ ರೋಗ) ಅನ್ನೋ ಹೆಸರು ಒಂದೇ ಆದ್ರೂ ಒಳಗಿರೋ ಜೀವಿ ಬೇರೆ, ಶಿಲೀಂಧ್ರಕ್ಕೆ ಆಂಟಿಬಯೋಟಿಕ್ ಹೊಡೆದ್ರೆ ದುಡ್ಡೂ ದಂಡ, ಮಣ್ಣೂ ಹಾಳು.

ನಂದಿತಪ್ಪಲು ಸಾರ್, ಒಂದು ಕೆಲ್ಸ ಮಾಡಿ. ಕೆಂಪಗಾಗಿರೋ ಕೊಂಬೆ ಹಿಡ್ಕೊಂಡು ಕಾಂಡದ ಕಡೆಗೆ ಬನ್ನಿ. ಎಲ್ಲಿ ಅಂಟು ಶುರುವಾಗುತ್ತೋ ಅಲ್ಲಿ ಚೂಪಾದ ಚಾಕುವಲ್ಲಿ ಮೇಲಿನ ತೊಗಟೆ ಮೆಲ್ಲಗೆ ಕೆರೀರಿ, ಆಳ ಬೇಡ. ಒಳತೊಗಟೆ ಏನು ಬಣ್ಣ ಇದೆ ಹೇಳಿ. ತೊಗಟೆ ಚಪ್ಪಟೆಯಾಗಿದೆಯಾ ಒಳಗೆ ಕುಸಿದಿದೆಯಾ ಅದನ್ನೂ ನೋಡಿ.

ಬಯಲುಸೀಮೆ ಬಸವ
ನೀರು ಕಮ್ಮಿ ಆಗಿದ್ರೆ ಇಡೀ ಗಿಡ ಒಂದೇ ಸಮ ಬಾಡುತ್ತೆ. ಬೇರು ಕೊಳೆತ್ರೂ ಹಂಗೇ. ಒಂದೇ ಕೊಂಬೆ ಬಾವುಟದ ತರ ಕೆಂಪಗೆ ಕಾಣ್ತಿದೆ ಅಂದ್ರೆ ಅದರ ಬುಡದಲ್ಲಿ ಏನೋ ಅಡ್ಡ ಕಟ್ಟಿದೆ ಅಂತ ಅರ್ಥ.

ತಿಪಟೂರು ಕೊಬ್ಬರಿ
ಅಂಟು ಸೋರೋದು ಅಂದ್ರೆ ನಮ್ ತೆಂಗಿನ ಕಾಂಡ ಸೋರೋ ರೋಗದ ತರನೇ ಐತಲ್ಲ! ನಾವು ಉಳಿಯಲ್ಲಿ ಕೆತ್ತಿ ಕೊಳೆತದ್ದೆಲ್ಲ ತೆಗ್ದು ಮೈಲುತುತ್ತ, ಸುಣ್ಣ ಕಲ್ಸಿದ ಬೋರ್ಡೋ ಮುಲಾಮು ಬಳೀತೀವಿ, ಮರ ಉಳ್ಕತ್ತದೆ. ಇಪ್ಪತ್ತು ವರ್ಷದಿಂದ ಮಾಡ್ತಿದೀನಿ. ಅದೇ ಮಾಡಿ ಸಾಮಿ.

ತಮಕ ತೋಟಗಾರಿಕೆ
ಅಣ್ಣಾವ್ರೇ ನಿಮ್ಮ ಅನುಭವ ತೆಂಗಿಗೆ ಸರಿ. ಆದ್ರೆ ತೆಂಗಿಗೂ ಸೈಪ್ರೆಸ್ಸಿಗೂ ಮೈಕಟ್ಟೇ ಬೇರೆ. ತೆಂಗಿನಲ್ಲಿ ನೀರು ಹೋಗೋ ನಾಳ, ಆಹಾರ ಬರೋ ನಾಳ ಎರಡೂ ಸೇರಿ ನಾರಿನ ಕಟ್ಟಿನ ತರ ಇಡೀ ಕಾಂಡದ ತುಂಬ ಹರಡ್ಕೊಂಡಿರುತ್ತೆ. ಒಂದು ಕಡೆ ಕೆತ್ತಿದ್ರೆ ಉಳಿದ ನಾರು ಕೆಲ್ಸ ಮಾಡುತ್ತೆ, ಮರ ತಡ್ಕೊಳ್ಳುತ್ತೆ. ಸೈಪ್ರೆಸ್, ಪೈನ್ ಇವೆಲ್ಲ ಹಂಗಲ್ಲ. ಎಲೆ ತಯಾರಿಸಿದ ಆಹಾರ ಕೆಳಗೆ ಬರೋದು ಒಳತೊಗಟೆಯಲ್ಲಿ ಮಾತ್ರ. ಆ ಒಳತೊಗಟೆಗೂ ಕಟ್ಟಿಗೆಗೂ ಮಧ್ಯೆ ಕಾಗದದಷ್ಟು ತೆಳ್ಳಗೆ ಬೆಳೆಯೋ ಪದರ ಇರುತ್ತೆ, ಕ್ಯಾಂಕರ್ ಶಿಲೀಂಧ್ರ ಕೊಲ್ಲೋದು ಅದನ್ನೇ. ಗಾಯ ಉದ್ದಕ್ಕೆ ಬೇಗ ಬೆಳೆಯುತ್ತೆ, ಅಡ್ಡಕ್ಕೆ ನಿಧಾನ, ಆದ್ರೆ ಕಾಂಡದ ಸುತ್ತ ಬಳೆ ತರ ಕೂಡ್ಕೊಂಡ ದಿನ ಅದರ ಮೇಲಿಂದೆಲ್ಲ ಮುಗೀತು. ಅಲ್ಲಿ ಉಳಿ ಹಾಕಿ ಕೆತ್ತಿದ್ರೆ ಆ ಬಳೆ ಕೂಡೋ ಕೆಲ್ಸ ನಾವೇ ಮಾಡ್ಕೊಟ್ಟಂಗೆ.

ತಿಪಟೂರು ಕೊಬ್ಬರಿ
ಓ ಹಂಗಾ. ಇದು ಗೊತ್ತಿರ್ಲಿಲ್ಲ. ಒಪ್ಕೊಂಡೆ.

ಗುಬ್ಬಿ ಹುಡುಗ
ನಮ್ಮ ಕಡೆ ಸರ್ವೆ ಮರಕ್ಕೂ ತೊಗಟೆ ಉಬ್ಬಿ ಒಡೆದು ಸಾಯ್ತವೆ, ಸರ್ವೆನೂ ಇದೇ ಜಾತಿ ತಾನೆ? ಸೂಜಿ ಎಲೆ, ಸಣ್ಣ ಸಣ್ಣ ಕಾಯಿ ಎಲ್ಲಾ ಪೈನ್ ತರನೇ ಇದೆ.

ಬಯಲುಸೀಮೆ ಬಸವ
ಹೂಂ ಅದೂ ಪೈನೇ.

ಗಿಡಮೂಲಿಕೆ ಅಕ್ಕ
ಅಲ್ಲ ಬಸವಣ್ಣ, ಸರ್ವೆ ಪೈನ್ ಜಾತಿ ಅಲ್ವೇ ಅಲ್ಲ, ಹೂ ಬಿಡೋ ಮರ ಅದು. ಒಂದು ಸೂಜಿ ಕಿತ್ಕೊಂಡು ಎರಡು ಕಡೆ ಹಿಡಿದು ಎಳೀರಿ, ಟಕ್ ಅಂತ ಗಿಣ್ಣಲ್ಲಿ ಬಿಟ್ಕೊಳ್ಳುತ್ತೆ. ಆ ಗಿಣ್ಣಿನ ಸುತ್ತ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹಲ್ಲು ಇರ್ತವಲ್ಲ, ಅವೇ ಅದರ ನಿಜವಾದ ಎಲೆ. ನಾವು ಸೂಜಿ ಅನ್ನೋದು ಹಸಿರು ಕಡ್ಡಿ. ಆಸ್ಟ್ರೇಲಿಯಾ ಕಡೆ ಮರ, ನಮ್ಮ ಕರ್ನಾಟಕದಲ್ಲಿ 1868ರಲ್ಲಿ ಕಾರವಾರದಲ್ಲಿ ನೆಡುತೋಪು ಶುರು ಮಾಡಿದ್ರು.

ಗುಬ್ಬಿಯವ್ರು ಹೇಳಿದ ರೋಗ ನಿಜ, ಅದಕ್ಕೆ ಗುಳ್ಳೆ ತೊಗಟೆ ರೋಗ ಅನ್ನಬಹುದು. ತೊಗಟೆ ಬೊಬ್ಬೆ ಬಂದಂಗೆ ಉಬ್ಬಿ ಒಡೆದ್ರೆ ಒಳಗೆ ಮಸಿ ತರ ಕಪ್ಪು ಪುಡಿ, ಮುಟ್ಟಿದ್ರೆ ಬೆರಳಿಗೆ ಹತ್ಕೊಳ್ಳುತ್ತೆ, ಅದು ಪೂರ್ತಿ ಶಿಲೀಂಧ್ರದ ಬೀಜಕಣ. ಅದರ ಈಗಿನ ಹೆಸರು ಸುಬ್ರಮಣಿಯನೋಸ್ಪೋರಾ ವೆಸಿಕುಲೋಸಾ, ನಮ್ಮ ದೇಶದ ಶಿಲೀಂಧ್ರ ವಿಜ್ಞಾನಿ ಸಿ.ವಿ. ಸುಬ್ರಮಣಿಯನ್ ಅವ್ರ ಹೆಸರಿನ ಮೇಲೆ ಇಟ್ಟಿರೋದು. ಅದಕ್ಕೂ ಸೈಪ್ರೆಸ್ ಕ್ಯಾಂಕರಿಗೂ ಸಂಬಂಧ ಇಲ್ಲ.

ಬಯಲುಸೀಮೆ ಬಸವ
ಈಗ್ಲೇ ಹೋಗಿ ಎಳೆದು ನೋಡ್ದೆ. ನಿಜ ಅಕ್ಕ. ನಲವತ್ತು ವರ್ಷದಿಂದ ಈ ಮರದ ಕೆಳಗೇ ಕೂತಿದೀನಿ, ಗೊತ್ತೇ ಇರ್ಲಿಲ್ಲ.

ಗುಬ್ಬಿ ಹುಡುಗ
ಹಂಗಾದ್ರೆ ನಮ್ಮ ಕಡೆ ಹುಟ್ಟಿ ಬೆಳೆದ ಪೈನ್ ಜಾತಿ ಯಾವ್ದೂ ಇಲ್ವಾ?

ಗಿಡಮೂಲಿಕೆ ಅಕ್ಕ
ಪಶ್ಚಿಮ ಘಟ್ಟದ ದಕ್ಷಿಣದ ಕಾಡಲ್ಲಿ ನೇಜಿಯಾ ವಾಲಿಚಿಯಾನಾ ಅಂತ ಒಂದೇ ಒಂದು ಇದೆ, ದಕ್ಷಿಣ ಭಾರತದ್ದೇ ಅನ್ನೋ ಸೂಚಿಪರ್ಣಿ (ಪೈನ್, ಸೈಪ್ರೆಸ್ ಸೇರಿರೋ ಗುಂಪು) ಅದೊಂದೇ. ಅದರ ಎಲೆ ಸೂಜಿನೂ ಅಲ್ಲ, ಅಗಲ ಎಲೆ. ಸೈಪ್ರೆಸ್, ಥೂಜಾ, ಕ್ರಿಸ್ಮಸ್ ಗಿಡ ಎಲ್ಲಾ ಹೊರಗಿಂದ ಬಂದಿರೋವು.

ಮಾಲೂರು ನೋಟ
ಕ್ರಿಸ್ಮಸ್ ಗಿಡ ಅಂದ್ರಲ್ಲ, ನಮ್ಮ ಬೀದಿಯಲ್ಲಿರೋ ಒಂದು ದೊಡ್ಡ ಅರಾಕೇರಿಯಾ ದಕ್ಷಿಣಕ್ಕೆ ವಾಲಿದೆ, ಅದಕ್ಕೂ ರೋಗ ಬಂದು ವಾಲಿರಬಹುದಾ? ಬೀಳುತ್ತೆ ಅಂತ ಅಕ್ಕಪಕ್ಕದವ್ರು ಕಡಿಸೋಕೆ ಹೊರಟವ್ರೆ.

ತಮಕ ತೋಟಗಾರಿಕೆ
ಕಡಿಸಬೇಡಿ! ಅದು ಕುಕ್ ಪೈನ್ ಅನ್ನೋ ಅರಾಕೇರಿಯಾ ಆಗಿದ್ರೆ ಅದರ ಸ್ವಭಾವವೇ ಅದು. ಬೇರೆ ಬೇರೆ ದೇಶದ ಮರ ಅಳೆದು ನೋಡಿ 2017ರಲ್ಲಿ ಪ್ರಕಟಿಸಿದ್ರು, ಈ ಜಾತಿ ಭೂಮಧ್ಯರೇಖೆ ಕಡೆಗೆ ವಾಲುತ್ತೆ, ನಮ್ಮಲ್ಲಿ ದಕ್ಷಿಣಕ್ಕೆ, ಆಸ್ಟ್ರೇಲಿಯಾದಲ್ಲಿ ಉತ್ತರಕ್ಕೆ. ಬುಡದಲ್ಲಿ ಮಣ್ಣು ಎದ್ದಿದೆಯಾ, ಬೇರು ಕಿತ್ತಿದೆಯಾ ಅಂತ ನೋಡಿ, ಇಲ್ಲ ಅಂದ್ರೆ ಬರೀ ವಾಲಿದೆ ಅಂತ ಕಡೀಬೇಡಿ.

ನಂದಿತಪ್ಪಲು
ಬೆಳಿಗ್ಗೆ ಚಾಕು ತಗೊಂಡು ಹೋಗಿದ್ದೆ. ಹೇಳ್ತೀನಿ ಕೇಳಿ. ಅಂಟು ಇರೋ ಜಾಗದಲ್ಲಿ ತೊಗಟೆ ಒಳಗೆ ಕುಸಿದಿದೆ, ಹೆಬ್ಬೆರಳು ಇಟ್ರೆ ತಗ್ಗು ಗೊತ್ತಾಗುತ್ತೆ, ಉದ್ದುದ್ದಕ್ಕೆ ಬಿರುಕು ಬಿಟ್ಟಿದೆ. ಕೆರೆದ್ರೆ ಒಳಗೆ ಹಳೇ ಬೆಲ್ಲದ ಬಣ್ಣ, ಪುಡಿ ಪುಡಿ. ನಾಲ್ಕು ಬೆರಳು ಮೇಲೆ ಹೋದ್ರೆ ಸಟ್ ಅಂತ ಗೆರೆ ಎಳೆದಂಗೆ ನಿಂತೋಗಿದೆ, ಅಲ್ಲಿಂದಾಚೆ ಬಿಳಿ ಹಸಿರು, ತೇವ ಇದೆ, ಒಳ್ಳೆ ವಾಸನೆ. ಸತ್ತ ತೊಗಟೆ ಮೇಲೆ ರಾಗಿ ಕಾಳಿಗಿಂತ ಸಣ್ಣ ಕಪ್ಪು ಚುಕ್ಕೆ ತುಂಬ ಇವೆ, ಮಗಳ ಭೂತಗನ್ನಡಿಯಲ್ಲಿ ನೋಡಿದ್ರೆ ಮೊಡವೆ ತರ ತೊಗಟೆ ಒಡ್ಕೊಂಡು ಬಂದಿವೆ.

ಇನ್ನೊಂದು ಮಾತು. ಐದು ಗಿಡದಲ್ಲಿ ನಾಲ್ಕಕ್ಕೆ ಈ ಗಾಯ ಇರೋದು ಒಂದೇ ಎತ್ತರದಲ್ಲಿ, ನನ್ನ ಎದೆ ಮಟ್ಟಕ್ಕೆ. ಯಾಕಪ್ಪ ಅಂತ ನೋಡಿದ್ರೆ ತೊಗಟೆ ಒಳಗೆ ಬೈಂಡಿಂಗ್ ವೈರ್ ಸಿಕ್ತು. ತಂಗಿ ಮದುವೆಗೆ ದಾರಿ ಉದ್ದಕ್ಕೂ ಸೀರಿಯಲ್ ಸೆಟ್ ಕಟ್ಟಿಸಿದ್ವಿ, ಲೈಟ್ ಬಿಚ್ಚಿದವ್ರು ತಂತಿ ಅಲ್ಲೇ ಬಿಟ್ಟು ಹೋಗಿದಾರೆ, ಗಿಡ ದಪ್ಪ ಆದಂಗೆ ತಂತಿ ಒಳಗೆ ಕೊರ್ಕೊಂಡು ಹೋಗಿದೆ. ಎರಡು ವರ್ಷದಿಂದ ದಿನಾ ಆ ದಾರಿಯಲ್ಲೇ ಓಡಾಡ್ತಿದೀನಿ, ಕಣ್ಣಿಗೆ ಬಿದ್ದಿಲ್ಲ. ತುಂಬ ಬೇಜಾರಾಯ್ತು.

ಕೋಲಾರದ ಮಗಳು
ಅಯ್ಯೋ ಅಣ್ಣ 😔 ನೀವೇನ್ ಬೇಕು ಅಂತ ಮಾಡಿದ್ದಾ.

ತಮಕ ತೋಟಗಾರಿಕೆ
ಸಾರ್, ನೀವು ನೋಡಿರೋದು ತುಂಬ ಮುಖ್ಯ. ಕುಸಿದ ತೊಗಟೆ, ಬೆಲ್ಲದ ಬಣ್ಣ, ಸತ್ತದ್ದಕ್ಕೂ ಬದುಕಿದ್ದಕ್ಕೂ ಮಧ್ಯೆ ಸ್ಪಷ್ಟ ಗೆರೆ, ಕಪ್ಪು ಮೊಡವೆ, ಅಂಟು, ಇವೆಲ್ಲ ಸೇರಿದ್ರೆ ಕ್ಯಾಂಕರ್ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಯಾವ ಶಿಲೀಂಧ್ರ ಅನ್ನೋದು ಮಾತ್ರ ಲ್ಯಾಬಲ್ಲೇ ಗೊತ್ತಾಗಬೇಕು.

ಸೈಪ್ರೆಸ್ಸಲ್ಲಿ ಪ್ರಪಂಚದಾದ್ಯಂತ ಹೆಸರು ಮಾಡಿರೋದು ಸೈರಿಡಿಯಂ ಕುಲ. ಅದರಲ್ಲಿ ಮೂರು ಮುಖ್ಯ, ಕಾರ್ಡಿನೇಲ್, ಯೂನಿಕಾರ್ನ್, ಕ್ಯುಪ್ರೆಸ್ಸೈ. ಬೀಜಕಣ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಆರು ಕೋಣೆ ಇರೋ ಪುಟ್ಟ ದೋಣಿ ತರ, ಮಧ್ಯದ ನಾಲ್ಕು ಕೋಣೆ ಕಂದು, ತುದಿಯ ಎರಡು ಬಣ್ಣ ಇಲ್ಲದ್ದು. ತುದಿಯಲ್ಲಿ ಬಾಲದ ತರ ಎಳೆ ಉದ್ದ ಇದೆಯಾ ಗಿಡ್ಡ ಇದೆಯಾ, ನೆಟ್ಟಗಿದೆಯಾ ಓರೆ ಇದೆಯಾ ಅನ್ನೋದ್ರ ಮೇಲೆ ಜಾತಿ ಬೇರೆ ಮಾಡ್ತಾರೆ. ನೀವು ನೋಡಿದ ಕಪ್ಪು ಮೊಡವೆ ಒಳಗೆ ಇರೋದು ಇಂಥ ಬೀಜಕಣಗಳೇ, ಮಳೆ ಹನಿ ಬಿದ್ದಾಗ ಸಿಡಿದು ಪಕ್ಕದ ಕೊಂಬೆಗೆ ಹೋಗ್ತವೆ, ಕತ್ತರಿಗೆ ಹತ್ಕೊಂಡು ಪಕ್ಕದ ಗಿಡಕ್ಕೆ ಹೋಗ್ತವೆ, ತೊಗಟೆ ಕೊರೆಯೋ ದುಂಬಿಗಳ ಮೈಮೇಲೂ ಹೋಗ್ತವೆ. ಒಳಗೆ ನುಗ್ಗೋಕೆ ಗಾಯ ಬೇಕು, ಚಿಕ್ಕ ಬಿರುಕಾದ್ರೂ ಸಾಕು. ನಿಮ್ಮಲ್ಲಿ ತಂತಿ ಆ ಬಾಗಿಲು ತೆಗೆದಿದೆ.

ಸೈಪ್ರೆಸ್ಸಿಗೆ ಬರೋದು ಇದೊಂದೇ ಅಲ್ಲ. ಬಿಸಿಲು, ಬರಕ್ಕೆ ಸೊರಗಿದ ಗಿಡದಲ್ಲಿ ಬೊಟ್ರಿಯೋಸ್ಫೇರಿಯಾ ಗುಂಪಿನ ಶಿಲೀಂಧ್ರಗಳೂ ಹೀಗೇ ಮಾಡ್ತವೆ, ಹೊರಗಿಂದ ನೋಡಿ ಬೇರೆ ಮಾಡೋಕೆ ಆಗಲ್ಲ.

ಶಿರಾ ದಾಳಿಂಬೆ
ಸಾರ್ ನೀವು ಹೇಳೋದು ಸರಿ, ಆದ್ರೆ ಪ್ರಪಂಚದಲ್ಲಿ ಎಲ್ಲೋ ಇರೋ ರೋಗ ನಮ್ಮ ಬಯಲುಸೀಮೆಗೆ ಯಾಕೆ ಬರ್ಬೇಕು?

ಗಿಡಮೂಲಿಕೆ ಅಕ್ಕ
ನರ್ಸರಿ ಗಿಡದ ಜೊತೆ ರೋಗ ಸಮುದ್ರ ದಾಟುತ್ತೆ ಅಣ್ಣ. ಸೈರಿಡಿಯಂ ಕಾರ್ಡಿನೇಲನ್ನ ಮೊದಲು ಗುರುತಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1928ರಲ್ಲಿ ವರದಿ ಬಂತು. 1951ರಲ್ಲಿ ಇಟಲಿಯ ಫ್ಲಾರೆನ್ಸ್ ಹತ್ರ ಕಾಣಿಸ್ಕೊಂಡು ಅಲ್ಲಿನ ಸಾಲು ಸೈಪ್ರೆಸ್ ಮರಗಳನ್ನ ತುಂಬ ಹಾಳು ಮಾಡ್ತು. ಕೊನೆಗೆ ಅವ್ರು ರೋಗ ತಡ್ಕೊಳ್ಳೋ ತಳಿಗಳನ್ನ ಹುಡುಕಿ ಬೆಳೆಸಿದ್ರು, ಬೋಲ್ಗೇರಿ ಅಂತ ಒಂದು ತಳಿ ಇದೆ. ಕೀನ್ಯಾ ಕಡೆ ಇದೇ ಸೈರಿಡಿಯಂ ಕುಲದ ಕ್ಯಾಂಕರ್ ಬಂದು ಮ್ಯಾಕ್ರೋಕಾರ್ಪಾ ಸೈಪ್ರೆಸ್ ತೋಪುಗಳನ್ನೇ ಕೈಬಿಟ್ಟು ಲುಸಿಟಾನಿಕಾ ಅನ್ನೋ ಬೇರೆ ಜಾತಿ ಹಾಕ್ಬೇಕಾಯ್ತು.

ಈ ಮ್ಯಾಕ್ರೋಕಾರ್ಪಾ ಅನ್ನೋದನ್ನ ಗಮನ ಇಟ್ಟು ಓದಿ, ಯಾಕಂದ್ರೆ ಕುಂಡದಲ್ಲಿ ಮಾರೋ ಗೋಲ್ಡ್‌ಕ್ರೆಸ್ಟ್ ಅನ್ನೋ ಹಳದಿ ಸೈಪ್ರೆಸ್ ಇದೇ ಜಾತಿದು. ಇದರ ತವರು ಕ್ಯಾಲಿಫೋರ್ನಿಯಾದ ಮಾಂಟೆರೆ ಹತ್ರ ಸಮುದ್ರದ ದಡದಲ್ಲಿ ಎರಡೇ ಎರಡು ಸಣ್ಣ ತೋಪು, ವರ್ಷಪೂರ್ತಿ ತಂಪು, ಮಂಜು. ಅದೇ ರಾಜ್ಯದಲ್ಲಿ ಒಳನಾಡಿನ ಬಿಸಿ ಜಾಗದಲ್ಲಿ ನೆಟ್ಟ ಮರಗಳು ಕ್ಯಾಂಕರ್ ಬಂದು ಸತ್ತವು, ದಡದಲ್ಲಿರೋವು ಬಹಳ ಮಟ್ಟಿಗೆ ಉಳಿದವು. ಅಂಥ ಗಿಡ ತಂದು ನಮ್ಮ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ್ರೆ ಅದು ತಡ್ಕೊಳ್ಳೋದಾದ್ರೂ ಹೆಂಗೆ? ಊಟಿಗೆ ಸರಿ, ನಮಗಲ್ಲ. ಮಾರೋವ್ರು ಇದನ್ನ ಒಂದು ಮಾತು ಹೇಳ್ಬೇಕಿತ್ತು.

ಶ್ರೀನಿವಾಸಪುರ ಟೊಮೆಟೊ
ಪೈನ್ ಮರಕ್ಕೆ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬರುತ್ತೆ ಅಂತ ಕೇಳಿದ್ದೆ, ನಮ್ ಟೊಮೆಟೊ ಸೊರಗು ರೋಗದ್ದೇನಾ ಅದು?

ತಮಕ ತೋಟಗಾರಿಕೆ
ಒಂದೇ ಕುಲ, ಜಾತಿ ಬೇರೆ, ದಾಯಾದಿ ಅನ್ಕೊಳ್ಳಿ. ಟೊಮೆಟೊದು ಫ್ಯುಸೇರಿಯಂ ಆಕ್ಸಿಸ್ಪೋರಂ, ಮಣ್ಣಿಂದ ಬೇರಿಗೆ ಹೋಗಿ ನೀರಿನ ನಾಳ ಕಟ್ಟುತ್ತೆ. ಪೈನಿಂದು ಫ್ಯುಸೇರಿಯಂ ಸರ್ಸಿನೇಟಮ್, ರಾಳ ಕ್ಯಾಂಕರ್. ಅದು ಬಂದ್ರೆ ಮರ ಕೊಡ ಸುರಿದಂಗೆ ರಾಳ ಸುರಿಸುತ್ತೆ, ತೊಗಟೆ ತೆಗೆದ್ರೆ ಒಳಗಿನ ಕಟ್ಟಿಗೆ ರಾಳ ಕುಡಿದು ಜೇನಿನ ಬಣ್ಣ ಆಗಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಕಂಡಿದ್ದು, ದಕ್ಷಿಣ ಆಫ್ರಿಕಾದಲ್ಲಿ ನರ್ಸರಿ ಸಸಿಗಳನ್ನೇ ಕೊಂದಿದೆ. ಬೀಜದ ಜೊತೆನೂ ಬರುತ್ತೆ, ಅದಕ್ಕೇ ಹೊರದೇಶದ ಪೈನ್ ಬೀಜ ಯಾರೋ ಕಳಿಸಿದ್ರು ಅಂತ ಸುಮ್ನೆ ಬಿತ್ತಬಾರ್ದು.

ನಮ್ಮ ಹಿಮಾಲಯದ ಚೀರ್ ಪೈನಿಗೆ ಇನ್ನೊಂದು ತರದ್ದು ಇದೆ, ಕ್ರೊನಾರ್ಟಿಯಂ ಹಿಮಾಲಯೆನ್ಸ್ ಅನ್ನೋ ತುಕ್ಕು ಶಿಲೀಂಧ್ರ. ಅದರ ಜೀವನ ಅರ್ಧ ಪೈನ್ ಕಾಂಡದಲ್ಲಿ, ಇನ್ನರ್ಧ ಕಿರಾತಕಡ್ಡಿ ಜಾತಿಯ ಗಿಡದ ಎಲೆಯಲ್ಲಿ. ಎರಡೂ ಹತ್ರ ಇದ್ರೆ ಮಾತ್ರ ಅದರ ಆಟ.

ಗುಬ್ಬಿ ಹುಡುಗ
ಕಷಾಯ ಮಾಡೋ ಕಿರಾತಕಡ್ಡಿನಾ?! ನಮ್ಮಜ್ಜಿ ಜ್ವರಕ್ಕೆ ಕೊಡ್ತಿದ್ರು, ಬಾಯಿ ಮೂರು ದಿನ ಕಹಿ.

ನಂದಿತಪ್ಪಲು
ಎಲ್ಲಾ ಓದಿದೆ. ನಾನೀಗ ಮಾಡ್ಬೇಕಾಗಿರೋದು ಏನು? ನಮ್ಮಲ್ಲಿ ದ್ರಾಕ್ಷಿಗೆ ಬೋರ್ಡೋ ಹೊಡೆಯೋ ಅಭ್ಯಾಸ ಇದೆ, ಮೈಲುತುತ್ತ, ಸುಣ್ಣ ಎರಡೂ ಇದೆ.

ತಮಕ ತೋಟಗಾರಿಕೆ
ಮೊದಲು ಮನಸ್ಸಿಗೆ ತಗೋಬೇಕಾದ್ದು, ತೊಗಟೆ ಒಳಗೆ ಸೇರಿರೋ ಶಿಲೀಂಧ್ರನ ಯಾವ ಸ್ಪ್ರೇನೂ ಮುಟ್ಟಲ್ಲ. ಅಂಗಡಿಯಲ್ಲಿ ಎಷ್ಟು ಬಾಟ್ಲು ಕೊಟ್ರೂ ಅಷ್ಟೆ. ಗುಣ ಆಗೋದು ಅಂದ್ರೆ ಕತ್ತರಿಸಿ ಸುಡೋದು.

ಪೂರ್ತಿ ಒಣಗಿರೋದನ್ನ, ಕಾಂಡದ ಸುತ್ತ ಬಳೆ ಕೂಡಿರೋದನ್ನ ಬುಡಕ್ಕೇ ತೆಗೀರಿ. ಸೈಪ್ರೆಸ್ ಬೋಳು ಕಟ್ಟಿಗೆಯಿಂದ ಮತ್ತೆ ಚಿಗುರಲ್ಲ, ನಿಮ್ಮ ದ್ರಾಕ್ಷಿ ತರ ಅಲ್ಲ, ಕಾಯ್ತಾ ಕೂತ್ರೆ ಪಕ್ಕದ್ದಕ್ಕೆ ಹರಡೋದಷ್ಟೆ. ಬರೀ ಕೊಂಬೆಗೆ ಬಂದಿದ್ರೆ ಗಾಯದಿಂದ ಒಂದು ಗೇಣು ಒಳಗೆ, ಒಳತೊಗಟೆ ಹಸಿರಿರೋ ಕಡೆ ಕತ್ತರಿಸಿ. ಮಳೆ ದಿನ ಬೇಡ, ಮಂಜು ಇದ್ದಾಗ ಬೇಡ, ಮೂರ್ನಾಲ್ಕು ದಿನ ಒಣ ಬಿಸಿಲು ಇರೋ ಹೊತ್ತು ನೋಡ್ಕೊಳ್ಳಿ. ಒಂದೊಂದು ಕಟ್ ಆದ್ಮೇಲೂ ಕತ್ತರಿನ ಸ್ಪಿರಿಟ್‌ನಲ್ಲಿ ಒರೆಸಿ, ಕೋವಿಡ್ ಟೈಮಿನ ಸ್ಯಾನಿಟೈಜರ್ ಉಳಿದಿದ್ರೂ ಆಗುತ್ತೆ. ಸೊಪ್ಪು, ಕೊಂಬೆ ದಾರಿ ಪಕ್ಕ ರಾಶಿ ಹಾಕ್ಬೇಡಿ, ಅವತ್ತೇ ಸುಡಿ. ಎಲ್ಲಾ ಗಿಡದ ತಂತಿ, ದಾರ, ಮೊಳೆ ಬಿಚ್ಚಿ.

ಬೋರ್ಡೋ ಬೇಕಾಗೋದು ಇನ್ನೂ ಚೆನ್ನಾಗಿರೋ ಒಂಬತ್ತಕ್ಕೆ, ಮಳೆಗೆ ಮುಂಚೆ, ಹೊಸ ಗಾಯಕ್ಕೆ ಕಾವಲು ಅಂತ. ಶೇಕಡ 1ರ ದ್ರಾವಣ ಸಾಕು.

ತಿಪಟೂರು ಕೊಬ್ಬರಿ
ಬೋರ್ಡೋ ವಿಚಾರ ನಾನ್ ಹೇಳ್ತೀನಿ, ಅದ್ರಲ್ಲಿ ಪಳಗಿದೀನಿ. ಒಂದು ಕೆಜಿ ಮೈಲುತುತ್ತ ಐವತ್ತು ಲೀಟರ್ ನೀರಲ್ಲಿ, ಒಂದು ಕೆಜಿ ಸುಟ್ಟ ಸುಣ್ಣ ಇನ್ನೊಂದು ಐವತ್ತು ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮು, ಕಬ್ಬಿಣದ್ದು ಬ್ಯಾಡ. ಆಮ್ಯಾಲೆ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ತಾ ಕಲುಕ್ತಾ ಇರ್ಬೇಕು. ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೀರಿ, ಅಲಗಿನ ಮ್ಯಾಲೆ ತಾಮ್ರದ ಕೆಂಪು ಕೂತಿದ್ರೆ ಸುಣ್ಣ ಸಾಲ್ದು, ಇನ್ನಷ್ಟು ಹಾಕಿ. ಕೆಂಪು ಕೂರದೆ ಇದ್ರೆ ಸರಿಯಾಗೈತೆ. ಅವತ್ತಿಂದು ಅವತ್ತೇ ಹೊಡೀಬೇಕು, ನಾಳೆಗೆ ಇಟ್ರೆ ಕೆಲ್ಸಕ್ಕೆ ಬರಲ್ಲ.

ಕೋಲಾರದ ಮಗಳು
ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯೋ ಒಳ್ಳೆ ಶಿಲೀಂಧ್ರ) ಹಾಕಿದ್ರೆ ಆಗಲ್ವಾ? ಎಲ್ಲದಕ್ಕೂ ಅದೇ ಹೇಳ್ತಾರೆ.

ತಮಕ ತೋಟಗಾರಿಕೆ
ಅದು ಮಣ್ಣಿನ ರೋಗಕ್ಕೆ ಒಳ್ಳೇದು ಮೇಡಂ, ಬುಡಕ್ಕೆ ಹಾಕಿದ್ರೆ ಎದೆ ಮಟ್ಟದ ಕಾಂಡದ ಗಾಯಕ್ಕೆ ತಲುಪಲ್ಲ.

ಗಿಡಮೂಲಿಕೆ ಅಕ್ಕ
ಸ್ಯಾಂಪಲ್ ಕೊಡದೆ ಎಲ್ಲಾ ಸುಟ್ಟುಬಿಡ್ಬೇಡಿ. ಪೂರ್ತಿ ಸತ್ತಿರೋ ತುಂಡು ಕೊಟ್ರೆ ಉಪಯೋಗ ಇಲ್ಲ, ಅದರಲ್ಲಿ ಬೇರೆ ಬೂಷ್ಟೆಲ್ಲ ಸೇರಿರುತ್ತೆ. ನೀವು ನೋಡಿದ್ರಲ್ಲ ಗೆರೆ, ಆ ಗೆರೆ ಮಧ್ಯೆ ಬರೋ ಹಂಗೆ, ಅರ್ಧ ಹಸಿರು ಅರ್ಧ ಕಂದು ಇರೋ ತುಂಡು ತಗೊಳ್ಳಿ. ಪ್ಲಾಸ್ಟಿಕ್ ಕವರ್ ಬೇಡ, ಬೆವೆತು ಕೊಳೆಯುತ್ತೆ, ನ್ಯೂಸ್ ಪೇಪರಲ್ಲಿ ಸುತ್ತಿ. ಚಿಂತಾಮಣಿ ಕುರುಬೂರು ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ರ, ಕೋಲಾರ ಕಡೆ ಹೋದ್ರೆ ತಮಕದ ತೋಟಗಾರಿಕೆ ಕಾಲೇಜು, ಬೆಂಗಳೂರಿಗೆ ಹೋಗೋ ಕೆಲ್ಸ ಇದ್ರೆ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ, ಇವರಲ್ಲಿ ಯಾರಿಗಾದ್ರೂ ಮೊದಲು ಫೋನ್ ಮಾಡಿ ಕೇಳ್ಕೊಂಡು ಹೋಗಿ.

ನಂದಿತಪ್ಪಲು
ಎಂಟು ದಿನ ಆದ್ಮೇಲೆ ಬರೀತಿದೀನಿ. ಐದೂ ಗಿಡ ತೆಗೆಸ್ದೆ. ಮೊದಲನೇ ಗಿಡಕ್ಕೆ ಗರಗಸ ಇಟ್ಟಾಗ ಅಮ್ಮ ಒಳಗೆ ಹೋಗಿ ಬಾಗ್ಲು ಹಾಕ್ಕೊಂಡ್ರು. ತುಂಡು ಮಾಡಿದ ಮೇಲೆ ನೋಡಿದ್ರೆ ಅಡ್ಡ ಕೊಯ್ದ ಕಾಂಡದಲ್ಲಿ ಕಂದು ಬಣ್ಣ ಕಲ್ಲಂಗಡಿ ಹೋಳಿನ ಆಕಾರದಲ್ಲಿ ಹೊರಗಿಂದ ಒಳಗೆ ಇಳ್ದಿತ್ತು. ಒಂಬತ್ತು ಗಿಡದ ತಂತಿ ಎಲ್ಲಾ ಬಿಚ್ಚಿದೀನಿ, ಎರಡರಲ್ಲಿ ತಂತಿ ಇನ್ನೂ ತೊಗಟೆ ಮೇಲೇ ಇತ್ತು, ಒಳಗೆ ಹೋಗಿರ್ಲಿಲ್ಲ, ಆ ಎರಡು ಬದುಕಿದ್ವು ಅನ್ಸಿತು. ಸ್ಯಾಂಪಲ್ ಪೇಪರಲ್ಲಿ ಸುತ್ತಿ ಕುರುಬೂರಿಗೆ ಕೊಟ್ಟು ಬಂದಿದೀನಿ, ಬೆಳೆಸಿ ನೋಡ್ಬೇಕು, ಟೈಮ್ ಆಗುತ್ತೆ ಅಂದ್ರು. ಖಾಲಿ ಜಾಗಕ್ಕೆ ಏನ್ ಹಾಕ್ಲಿ? ಮತ್ತೆ ಸೈಪ್ರೆಸ್ ಬೇಡ ಅಂತ ಅಮ್ಮನೇ ಅಂದ್ರು.

ಬಯಲುಸೀಮೆ ಬಸವ
ಹೊಂಗೆ ಹಾಕಿ. ನೆರಳು, ಹೂವು, ಜೇನು, ಬರಕ್ಕೂ ಜಗ್ಗಲ್ಲ.

ಕೋಲಾರದ ಮಗಳು
ದಾರಿ ಪಕ್ಕ ಅಂದ್ರೆ ಸಂಪಿಗೆ ಚೆಂದ ಅಣ್ಣ, ಅಮ್ಮಂಗೂ ಹೂವು ಸಿಗುತ್ತೆ.

ಬಯಲುಸೀಮೆ ಬಸವ
ಸಂಪಿಗೆಗೆ ನೀರು ಜಾಸ್ತಿ ಬೇಕಮ್ಮ, ಅಲ್ಲಿ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಗಿವೆ ಗೊತ್ತಾ.

ಕೋಲಾರದ ಮಗಳು
ದ್ರಾಕ್ಷಿಗೆ ನೀರಿದ್ರೆ ಐದು ಸಂಪಿಗೆಗೆ ಇರಲ್ವಾ?

ನಂದಿತಪ್ಪಲು
ಮೂರು ಹೊಂಗೆ, ಮನೆ ಹತ್ರ ಎರಡು ಸಂಪಿಗೆ 🙏

ಶ್ರೀನಿವಾಸಪುರ ಟೊಮೆಟೊ
ಅಣ್ಣ ಕೊಂಬೆ ಸುಟ್ರಿ ಸರಿ, ಆ ಕಾಂಡಗಳು ಇನ್ನೂ ಇದ್ರೆ ನನಗೆ ಕೊಡ್ತೀರಾ? ಟೊಮೆಟೊ ಸಾಲಿನ ತುದಿಗೆ ಕಂಬ ನಿಲ್ಸೋಕೆ ಬೇಕಿತ್ತು. ರೋಗ ನಮ್ ಟೊಮೆಟೊಗೆ ಹತ್ತುತ್ತಾ?

ತಮಕ ತೋಟಗಾರಿಕೆ
ಸೈಪ್ರೆಸ್ ಕ್ಯಾಂಕರ್ ಟೊಮೆಟೊಗೆ ಬರಲ್ಲ. ಆದ್ರೆ ಬೀಜಕಣ ಇರೋದು ತೊಗಟೆಯಲ್ಲಿ, ದಾರಿಯಲ್ಲಿ ಯಾರದ್ದಾದ್ರೂ ಸೈಪ್ರೆಸ್, ಥೂಜಾ ಬೇಲಿ ಇದ್ರೆ ಕಷ್ಟ. ಅಲ್ಲೇ ಸಿಪ್ಪೆ ಪೂರ್ತಿ ಸುಲಿದು, ಸುಲಿದದ್ದನ್ನ ಅಲ್ಲೇ ಸುಟ್ಟು, ಬೋಳು ಕಂಬ ಮಾತ್ರ ತಗೊಂಡು ಹೋಗಿ.

ನಂದಿತಪ್ಪಲು
ಭಾನುವಾರ ಬನ್ನಿ, ಮಚ್ಚು ನಮ್ಮಲ್ಲೇ ಇದೆ, ಇಬ್ರೂ ಸೇರಿ ಸುಲಿಯೋಣ.